ಅರುಂಧತಿ: ಬರಿಗಣ್ಣಿಗೆ ಎಟುಕುವ ಮಂದ ಯಮಳ ನಕ್ಷತ್ರ

ಅರುಂಧತಿ ಸಪ್ತರ್ಷಿ ಮಂಡಲದಲ್ಲಿ ವಸಿಷ್ಠ ನಕ್ಷತ್ರದ ಮಗ್ಗುಲಲ್ಲಿ, ಅದರ ಪೂರ್ವಕ್ಕೆ ಕಾಣುವ ಮಂದ ನಕ್ಷತ್ರ. ಅಂತರರಾಷ್ಟ್ರೀಯ ಬಳಕೆಯಲ್ಲಿ ಇದರ ಹೆಸರು ಆಲ್ಕಾರ್. ನಕ್ಷತ್ರಪಟ್ಟಿಗಳಲ್ಲಿ 80 ಉರ್ಸೆ ಮೆಜೋರಿಸ್. ವಸಿಷ್ಠವನ್ನು ಮಿಝಾರ್ ಎನ್ನುತ್ತಾರೆ. ಅರುಂಧತಿಯ ಉಜ್ಜ್ವಲತಾಂಕ ಸುಮಾರು 4 (ಈ ಅಂಕ ಹೆಚ್ಚಿದಷ್ಟೂ ನಕ್ಷತ್ರ ಮಂಕು), ಭೂಮಿಯಿಂದ ದೂರ ಸುಮಾರು 82 ಜ್ಯೋತಿರ್ವರ್ಷ. ಭಾರತದ ಮದುವೆ ಸಂಪ್ರದಾಯದಲ್ಲಿ ವಸಿಷ್ಠ–ಅರುಂಧತಿ ಆದರ್ಶ ದಂಪತಿ. ವಸಿಷ್ಠದ ಸಂಗಾತಿಯೆಂದೇ ಪರಂಪರೆ ಗುರುತಿಸಿದ ಅರುಂಧತಿ ತಾನೂ ಒಂದು ಜೋಡಿ ಎಂಬುದು 2009ರಲ್ಲಿ ಖಚಿತವಾಯಿತು. ಸೂರ್ಯನಿಗಿಂತ ಬಿಸಿಯಾದ ಒಂದು ಬಿಳಿ ನಕ್ಷತ್ರವೂ ಅದಕ್ಕೆ ಅಂಟಿಕೊಂಡಂತಿರುವ, ಕೆಂಪು ಕುಬ್ಜವೆಂಬ ಒಂದು ಚಿಕ್ಕ ಮಂಕು ನಕ್ಷತ್ರವೂ ಸೇರಿ ಅರುಂಧತಿಯಾಗಿವೆ. ವಸಿಷ್ಠದಲ್ಲಿ ನಾಲ್ಕು ನಕ್ಷತ್ರಗಳಿವೆ. ಹೀಗೆ ಬರಿಗಣ್ಣಿಗೆ ಎರಡು ಚುಕ್ಕೆಗಳಾಗಿ ಕಾಣುವ ಈ ದಾಂಪತ್ಯದಲ್ಲಿ ಆರು ನಕ್ಷತ್ರಗಳಿವೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ದೊಡ್ಡ ನಗರಗಳಿಲ್ಲ, ಬಯಲು ವಿಶಾಲ. ಮಂದ ನಕ್ಷತ್ರವೊಂದನ್ನು ಬರಿಗಣ್ಣಿನಿಂದ ನೋಡಲು ಬೇಕಾದ ಕತ್ತಲು ಇಲ್ಲಿನ ಹಳ್ಳಿಗಳಲ್ಲಿ ಇನ್ನೂ ಸಿಗುತ್ತದೆ. ಈ ಲೇಖನ ಅರುಂಧತಿಯ ಭೌತಿಕ ಗುಣಗಳನ್ನೂ ಅದರ ಅಧ್ಯಯನದ ಚರಿತ್ರೆಯನ್ನೂ ಈ ಐದು ತಾಲ್ಲೂಕುಗಳ ಆಕಾಶದಲ್ಲಿ ಅದು ಕಾಣುವ ಬಗೆಯನ್ನೂ ಪರಿಚಯಿಸುತ್ತದೆ.

ಗುರುತು ಮತ್ತು ಸ್ಥಾನ

ಸಪ್ತರ್ಷಿ ಮಂಡಲದ ಏಳು ಪ್ರಮುಖ ನಕ್ಷತ್ರಗಳಲ್ಲಿ ನಾಲ್ಕು ಸೇರಿ ಚೌಕವಾಗುತ್ತವೆ, ಉಳಿದ ಮೂರು ಅದರ ಬಾಲವಾಗುತ್ತವೆ. ಚೌಕದಿಂದ ಬಾಲದ ತುದಿಯವರೆಗೆ ಕ್ರಮವಾಗಿ ಕ್ರತು, ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಮರೀಚಿ ಎಂದು ಹೆಸರುಗಳು. ಬಾಲದ ನಡುವಿನ ನಕ್ಷತ್ರವೇ ವಸಿಷ್ಠ. ಅದನ್ನು ದಿಟ್ಟಿಸಿ ನೋಡಿದರೆ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಬಿಡಿಯಾಗಿ ತೋರುತ್ತದೆ. ಅದು ಅರುಂಧತಿ.

ಎರಡರ ನಡುವಿನ ಕೋನಾಂತರ ಸುಮಾರು 12 ಕಲೆ, ಅಂದರೆ ಒಂದು ಡಿಗ್ರಿಯ ಐದನೆಯ ಒಂದು ಭಾಗ. ಹುಣ್ಣಿಮೆ ಚಂದ್ರನ ಅಗಲ ಸುಮಾರು 30 ಕಲೆ. ಆರೋಗ್ಯವಂತ ಕಣ್ಣು ಒಂದೆರಡು ಕಲೆಗಳಷ್ಟು ಅಂತರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಕಾಣಬಲ್ಲದು. ಆದ್ದರಿಂದ ಅರುಂಧತಿ ಕಾಣಿಸದಿದ್ದರೆ ಅದಕ್ಕೆ ಕಾರಣ ಸಾಮೀಪ್ಯವಲ್ಲ, ಮಂಕುತನ. ಉಜ್ಜ್ವಲತಾಂಕ 2.0 ಇರುವ ವಸಿಷ್ಠ ಅದಕ್ಕಿಂತ ಸುಮಾರು ಆರು ಪಟ್ಟು ಪ್ರಕಾಶಮಾನ. ಆ ಬೆಳಕಿನ ಪಕ್ಕದಲ್ಲಿರುವ 4ನೆಯ ಉಜ್ಜ್ವಲತಾಂಕದ ಚುಕ್ಕೆಯನ್ನು ಹಿಡಿಯಲು ಕಣ್ಣು ಕತ್ತಲಿಗೆ ಒಗ್ಗಿರಬೇಕು, ಆಕಾಶವೂ ಕಪ್ಪಾಗಿರಬೇಕು. ನಿಜವಾದ ಕತ್ತಲಲ್ಲಿ ಬರಿಗಣ್ಣು 6ನೆಯ ಉಜ್ಜ್ವಲತಾಂಕದವರೆಗೆ ನೋಡಬಲ್ಲದು, ಅಂಥಲ್ಲಿ ಅರುಂಧತಿ ಸಲೀಸಾಗಿ ಸಿಗುತ್ತದೆ. ದೀಪಗಳಿಂದ ತುಂಬಿದ ಮಹಾನಗರದಲ್ಲಿ 4ನೆಯದೂ ಅಳಿಸಿಹೋಗುತ್ತದೆ.

ಐದು ತಾಲ್ಲೂಕುಗಳ ಆಕಾಶದಲ್ಲಿ

ಐದೂ ತಾಲ್ಲೂಕು ಕೇಂದ್ರಗಳು ಉತ್ತರ ಅಕ್ಷಾಂಶ 14.8 ಮತ್ತು 15.1 ಡಿಗ್ರಿಗಳ ನಡುವೆ ಇವೆ. ಹಾಗಾಗಿ ಇಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲಿದೆ. ಅರುಂಧತಿ ಖಗೋಳ ವಿಷುವದ್ವೃತ್ತದಿಂದ ಉತ್ತರಕ್ಕೆ ಸುಮಾರು 55 ಡಿಗ್ರಿ ದೂರದಲ್ಲಿದೆ. ಈ ಎರಡು ಅಂಕಿಗಳಿಂದ ಉಳಿದದ್ದನ್ನೆಲ್ಲ ಲೆಕ್ಕ ಹಾಕಬಹುದು. ದೆಹಲಿಗಿಂತ ಬಹಳ ಉತ್ತರದ ನಾಡುಗಳಲ್ಲಿ ಸಪ್ತರ್ಷಿಗಳು ಇಡೀ ವರ್ಷ ಮುಳುಗದೆ ಧ್ರುವವನ್ನು ಸುತ್ತುತ್ತಾರೆ. ಇಲ್ಲಿ ಹಾಗಲ್ಲ, ಅವರು ಹುಟ್ಟಿ ಮುಳುಗುತ್ತಾರೆ. ಅರುಂಧತಿ ಪ್ರತಿ ಸುತ್ತಿನಲ್ಲಿ ಸುಮಾರು 15 ಗಂಟೆ ದಿಗಂತದ ಮೇಲೆ, 9 ಗಂಟೆ ಕೆಳಗೆ ಇರುತ್ತದೆ. ಅತಿ ಎತ್ತರಕ್ಕೆ ಬಂದಾಗ ಉತ್ತರ ದಿಕ್ಕಿನಲ್ಲಿ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತದೆ.

ಫೆಬ್ರುವರಿ ಕೊನೆಯ ವಾರದಲ್ಲಿ ಅದು ರಾತ್ರಿ 8ರ ಸುಮಾರಿಗೆ ಈಶಾನ್ಯದಲ್ಲಿ ಹುಟ್ಟುತ್ತದೆ. ನಡುರಾತ್ರಿಗೆ ಸುಮಾರು 30 ಡಿಗ್ರಿ ಏರಿರುತ್ತದೆ. ಏಪ್ರಿಲ್ ನಡುವಿನಲ್ಲಿ ರಾತ್ರಿ 8ಕ್ಕೇ ಅಷ್ಟು ಮೇಲಿರುತ್ತದೆ. ಮೇ ನಡುವಿನಲ್ಲಿ ಅದೇ ಹೊತ್ತಿಗೆ 40 ಡಿಗ್ರಿ ದಾಟಿ, ರಾತ್ರಿ ಹತ್ತೂಕಾಲರ ಸುಮಾರಿಗೆ ಉತ್ತರದ ನೇರಕ್ಕೆ ಬರುತ್ತದೆ. ಜೂನ್ ಮೊದಲ ವಾರದಲ್ಲಿ ರಾತ್ರಿ 9ಕ್ಕೇ ಆ ಸ್ಥಾನ ತಲುಪುತ್ತದೆ, ಆದರೆ ಆಗ ಮುಂಗಾರಿನ ಮೋಡಗಳು ಅಡ್ಡ ಬರುತ್ತವೆ. ಅಕ್ಟೋಬರ್ ನಡುವಿನಲ್ಲಿ ರಾತ್ರಿ ಎಂಟರೊಳಗೆ ವಾಯವ್ಯದಲ್ಲಿ ಮುಳುಗುತ್ತದೆ. ನವೆಂಬರ್–ಡಿಸೆಂಬರ್‌ನಲ್ಲಿ ಅದನ್ನು ನೋಡಬೇಕಾದರೆ ಬೆಳಗಿನ ಜಾವ ಎದ್ದು ಈಶಾನ್ಯಕ್ಕೆ ತಿರುಗಬೇಕು.

ಉತ್ತರದ ನೇರಕ್ಕೆ ಬಂದಾಗ ಸಪ್ತರ್ಷಿ ಮಂಡಲ ಬೋರಲಾಗಿ ಕಾಣುತ್ತದೆ. ಚೌಕ ಎಡಕ್ಕೆ, ಬಾಲ ಬಲಕ್ಕೆ ಇರುತ್ತವೆ. ಆಗ ಅರುಂಧತಿಯನ್ನು ವಸಿಷ್ಠದ ಬಲಕ್ಕೆ, ತುಸು ಕೆಳಗೆ ಹುಡುಕಬೇಕು. ಉತ್ತರದ ನೇರವನ್ನು ವಸಿಷ್ಠ ಮೊದಲು ದಾಟುತ್ತದೆ. ಅರುಂಧತಿ ಸುಮಾರು ಒಂದೂಕಾಲು ನಿಮಿಷದ ಮೇಲೆ ಹಿಂಬಾಲಿಸುತ್ತದೆ.

ಈ ಸೀಮೆಯ ಜಾತ್ರೆಗಳ ಪಂಚಾಂಗವೂ ವೀಕ್ಷಣೆಗೆ ದಾರಿ ತೋರಿಸುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆ ನಡೆಯುವುದು ಮಾಘ ಮಾಸದ ಭರತ ಹುಣ್ಣಿಮೆಯ ಆಸುಪಾಸಿನಲ್ಲಿ. ಆಗ ರಾತ್ರಿಯೆಲ್ಲ ಬೆಳದಿಂಗಳು ಇರುವುದರಿಂದ ಮಂದ ನಕ್ಷತ್ರಗಳಿಗೆ ಅದು ಅನುಕೂಲದ ಕಾಲವಲ್ಲ. ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವ ಬರುವುದು ಅದೇ ಮಾಘದ ಕೃಷ್ಣಪಕ್ಷದಲ್ಲಿ, ಮೂಲಾ ನಕ್ಷತ್ರ ಕೂಡುವ ದಿನ. ಅಷ್ಟು ಹೊತ್ತಿಗೆ ಚಂದ್ರೋದಯ ನಡುರಾತ್ರಿಯಿಂದ ಆಚೆಗೆ ಸರಿದಿರುತ್ತದೆ. ದಾವಣಗೆರೆ ಕಡೆಯಿಂದ ಹರಪನಹಳ್ಳಿ ಮಾರ್ಗವಾಗಿ ಕೊಟ್ಟೂರಿಗೆ ಪಾದಯಾತ್ರೆ ಬರುವ ಭಕ್ತರು ಹರಪನಹಳ್ಳಿಯವರೆಗೆ ಹೆಚ್ಚುಕಡಿಮೆ ಉತ್ತರಕ್ಕೇ ನಡೆಯುತ್ತಾರೆ. ಇರುಳಲ್ಲಿ ನಡೆಯುವವರಿಗೆ ಮುಂದೆ ಬಲಗಡೆಯ ಆಕಾಶದಲ್ಲಿ ಸಪ್ತರ್ಷಿಗಳು ಏರುತ್ತಿರುತ್ತಾರೆ.

ಸಂಪ್ರದಾಯದಲ್ಲಿ ಅರುಂಧತಿ

ಮದುವೆಯ ದಿನ ವಧುವಿಗೆ ನಕ್ಷತ್ರ ತೋರಿಸುವ ವಿಧಿ ಗೃಹ್ಯಸೂತ್ರಗಳಷ್ಟು ಹಳೆಯದು. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ವಧು ರಾತ್ರಿ ಧ್ರುವ, ಅರುಂಧತಿ ಮತ್ತು ಸಪ್ತರ್ಷಿಗಳನ್ನು ಕಂಡ ಮೇಲೆ ಮೌನ ಮುರಿಯಬೇಕು. ಮೂಲದಲ್ಲಿ ಇದು ನಿಜವಾಗಿಯೂ ಕಣ್ಣಾರೆ ನೋಡುವ ರಾತ್ರಿಯ ವಿಧಿ. ಮದುವೆಗಳು ಹಗಲಿನ ಮುಹೂರ್ತಕ್ಕೆ ಸರಿದಂತೆ ಅರುಂಧತಿ ದರ್ಶನವೂ ಹಗಲಿಗೆ ಬಂತು. ಪುರೋಹಿತರು ದಿಕ್ಕು ತೋರಿಸುತ್ತಾರೆ, ವಧೂವರರು ಕೈಮುಗಿಯುತ್ತಾರೆ.

ಹಗಲಲ್ಲಿ ನಕ್ಷತ್ರ ಎಲ್ಲಿರುತ್ತದೆ ಎಂಬುದನ್ನು ಲೆಕ್ಕ ಹಾಕಿದರೆ ಒಂದು ವೈಚಿತ್ರ್ಯ ಕಾಣುತ್ತದೆ. ಮೇ ನಡುವಿನ ಬೆಳಗಿನ 10 ಗಂಟೆಯ ಮುಹೂರ್ತದಲ್ಲಿ ಅರುಂಧತಿ ಈ ಸೀಮೆಯ ಉತ್ತರ ದಿಗಂತದ ಕೆಳಗೆ, ಸುಮಾರು 20 ಡಿಗ್ರಿ ಆಳದಲ್ಲಿರುತ್ತದೆ. ನವೆಂಬರ್ ನಡುವಿನ ಬೆಳಗಿನ 11ರ ಮುಹೂರ್ತದಲ್ಲಿ ಅದು ಉತ್ತರದಲ್ಲಿ ಹೆಚ್ಚುಕಡಿಮೆ ತನ್ನ ಪರಮ ಎತ್ತರದಲ್ಲಿದ್ದು, ಬಿಸಿಲಿನಲ್ಲಿ ಅಡಗಿರುತ್ತದೆ. ಬೇಸಿಗೆ ಮದುವೆಯ ದಂಪತಿಗೆ ಹಗಲಲ್ಲಿ ಇಲ್ಲದ ನಕ್ಷತ್ರ ಅದೇ ರಾತ್ರಿ ಊಟದ ಹೊತ್ತಿಗೆ ಎತ್ತರದಲ್ಲಿ ಕಾದಿರುತ್ತದೆ. ಸೂತ್ರಕಾರರು ಹೇಳಿದಂತೆ ರಾತ್ರಿಯೇ ನೋಡಿದರೆ ಫಾಲ್ಗುಣದಿಂದ ಜ್ಯೇಷ್ಠದವರೆಗಿನ ಮದುವೆಗಳಲ್ಲಿ ದರ್ಶನ ನಿಜವಾಗಿಯೂ ಸಾಧ್ಯ.

ವರಾಹಮಿಹಿರ ಆರನೆಯ ಶತಮಾನದ ತನ್ನ ಬೃಹತ್ಸಂಹಿತೆಯಲ್ಲಿ ಸಪ್ತರ್ಷಿಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ವಸಿಷ್ಠನ ಬಳಿ ಅರುಂಧತಿಯನ್ನು ಹೇಳುತ್ತಾನೆ. ಮಹಾಭಾರತದ ಭೀಷ್ಮಪರ್ವದಲ್ಲಿ ಯುದ್ಧಕಾಲದ ಉತ್ಪಾತಗಳನ್ನು ಪಟ್ಟಿ ಮಾಡುವಾಗ ಅರುಂಧತಿ ವಸಿಷ್ಠನನ್ನು ಹಿಂದಿಕ್ಕಿದಳೆಂಬ ಮಾತು ಬರುತ್ತದೆ. ವಸಿಷ್ಠ ಮುಂದೆ, ಅರುಂಧತಿ ಹಿಂದೆ ಎಂಬ ಕ್ರಮವನ್ನು ಅಂದಿನವರು ಗಮನವಿಟ್ಟು ನೋಡಿದ್ದರೆಂಬುದಕ್ಕೆ ಇದು ಸಾಕ್ಷಿ. ದರ್ಶನಶಾಸ್ತ್ರದಲ್ಲಿ ‘ಅರುಂಧತೀ ನ್ಯಾಯ’ ಪ್ರಸಿದ್ಧ. ಮೊದಲು ಸುಲಭವಾಗಿ ಕಾಣುವ ದೊಡ್ಡ ನಕ್ಷತ್ರ ತೋರಿಸಿ, ಅಲ್ಲಿಂದ ಸೂಕ್ಷ್ಮವಾದ ಅರುಂಧತಿಗೆ ದೃಷ್ಟಿ ಒಯ್ಯುವ ಕ್ರಮವದು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇದನ್ನು ಬಳಸಿದ್ದಾರೆ. ಬರಿಗಣ್ಣಿನ ವೀಕ್ಷಣೆ ಕಲಿಸುವವರು ಇಂದೂ ಇದೇ ದಾರಿ ಹಿಡಿಯುತ್ತಾರೆ.

ಗ್ರೀಕ್ ಖಗೋಳಜ್ಞ ಟಾಲೆಮಿಯ ಎರಡನೆಯ ಶತಮಾನದ ನಕ್ಷತ್ರಪಟ್ಟಿಯಲ್ಲಿ ಈ ನಕ್ಷತ್ರ ಇಲ್ಲ. ಹತ್ತನೆಯ ಶತಮಾನದ ಪರ್ಷಿಯಾದ ಖಗೋಳಜ್ಞ ಅಲ್-ಸೂಫಿ ಇದನ್ನು ಸುಹಾ ಎಂಬ ಅರಬ್ಬೀ ಹೆಸರಿನಿಂದ ದಾಖಲಿಸಿ, ಜನ ಇದರಿಂದ ಕಣ್ಣಿನ ಚುರುಕು ಪರೀಕ್ಷಿಸಿಕೊಳ್ಳುತ್ತಾರೆಂದು ಬರೆದಿದ್ದಾನೆ.

ದೂರದರ್ಶಕದ ಕಾಲ

ದೂರದರ್ಶಕ ಬಂದ ಮೇಲೆ ಜೋಡಿ ನಕ್ಷತ್ರಗಳ ಅಧ್ಯಯನದ ಹಲವು ಮೊದಲುಗಳು ಈ ಎರಡು ಚುಕ್ಕೆಗಳ ಸುತ್ತಲೇ ನಡೆದವು. ಗೆಲಿಲಿಯೊನ ಶಿಷ್ಯ ಬೆನೆದೆತ್ತೊ ಕಾಸ್ತೆಲ್ಲಿ ವಸಿಷ್ಠವೊಂದೇ ಎರಡಾಗಿ ಕಾಣುವುದನ್ನು ಗಮನಿಸಿ ಗುರುವಿಗೆ ತಿಳಿಸಿದ. 1617ರ ಜನವರಿಯಲ್ಲಿ ಗೆಲಿಲಿಯೊ ಆ ಎರಡರ ಅಂತರವನ್ನು 15 ವಿಕಲೆ (ಕಲೆಯ ಅರುವತ್ತನೆಯ ಒಂದು ಭಾಗವೇ ವಿಕಲೆ) ಎಂದು ಅಳೆದ. ಇಂದಿನ ಅಳತೆ 14.4 ವಿಕಲೆ. ಅವನ ಕುತೂಹಲ ಬೇರೆಯದಿತ್ತು. ಮಂದವಾದದ್ದು ಬಹುದೂರ, ಪ್ರಕಾಶಮಾನವಾದದ್ದು ಹತ್ತಿರ ಇರಬೇಕೆಂದು ಅಂದು ನಂಬಿದ್ದರು. ಹಾಗಿದ್ದಲ್ಲಿ ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ್ದು ದೂರದ್ದರ ಎದುರು ತುಸು ಜರುಗಿದಂತೆ ಕಾಣಬೇಕು. ಲಂಬನ ಎಂದು ಕರೆಯುವ ಈ ಜರುಗುವಿಕೆ ಕಂಡರೆ ಭೂಮಿ ಚಲಿಸುತ್ತದೆಂಬುದು ಸಾಬೀತಾಗುತ್ತಿತ್ತು. ಅದು ಕಾಣಲಿಲ್ಲ, ಎರಡೂ ಒಂದೇ ದೂರದಲ್ಲಿದ್ದ ನಿಜವಾದ ಜೋಡಿಯಾಗಿದ್ದವು.

1722ರಲ್ಲಿ ಜರ್ಮನಿಯ ಯೋಹಾನ್ ಗಿಯೋರ್ಗ್ ಲೀಬ್‌ಕ್ನೆಖ್ಟ್ ವಸಿಷ್ಠ ಮತ್ತು ಅರುಂಧತಿಗಳ ನಡುವೆ 8ನೆಯ ಉಜ್ಜ್ವಲತಾಂಕದ ಒಂದು ಚುಕ್ಕೆ ಕಂಡು, ಅದು ಚಲಿಸಿತೆಂದು ಭಾವಿಸಿ ಹೊಸ ಗ್ರಹವೆಂದು ಸಾರಿದ. ತನ್ನ ದೊರೆ ಲುಡ್‌ವಿಗ್‌ನ ಹೆಸರನ್ನೂ ಇಟ್ಟ. ಅದು ಬಹುದೂರದ ಹಿನ್ನೆಲೆಯ ನಕ್ಷತ್ರ ಮಾತ್ರ. ಸಣ್ಣ ದೂರದರ್ಶಕದಲ್ಲಿ ಇಂದೂ ಕಾಣುತ್ತದೆ.

1857ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಜಾರ್ಜ್ ಬಾಂಡ್ ವಸಿಷ್ಠ–ಅರುಂಧತಿಯ ಛಾಯಾಚಿತ್ರ ತೆಗೆದ. ಜೋಡಿ ನಕ್ಷತ್ರವೊಂದು ಛಾಯಾಫಲಕದ ಮೇಲೆ ಮೂಡಿದ್ದು ಅದೇ ಮೊದಲು. 1889ರಲ್ಲಿ ಅದೇ ವೀಕ್ಷಣಾಲಯದ ಎಡ್ವರ್ಡ್ ಪಿಕರಿಂಗ್ ವಸಿಷ್ಠದ ಎರಡು ಚುಕ್ಕೆಗಳಲ್ಲಿ ದೊಡ್ಡದರ ರೋಹಿತದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಲ್ಲಿ) ಗೆರೆಗಳು ಕೆಲವು ದಿನ ಒಂಟಿಯಾಗಿ, ಕೆಲವು ದಿನ ಇಬ್ಭಾಗವಾಗಿ ಕಾಣುವುದನ್ನು ಪ್ರಕಟಿಸಿದ. ಆ ಫಲಕಗಳನ್ನು ತಾಳ್ಮೆಯಿಂದ ಪರಿಶೀಲಿಸಿದವಳು ಆಂಟೋನಿಯಾ ಮೌರಿ. ಒಂದು ನಕ್ಷತ್ರ ನಮ್ಮತ್ತ, ಇನ್ನೊಂದು ನಮ್ಮಿಂದಾಚೆ ಚಲಿಸುವಾಗ ಗೆರೆಗಳು ಬೇರ್ಪಡುತ್ತವೆ. ಅಡ್ಡ ಚಲಿಸುವಾಗ ಕೂಡಿಕೊಳ್ಳುತ್ತವೆ. ದೂರದರ್ಶಕದಲ್ಲಿ ಒಂದೇ ಚುಕ್ಕೆಯಾದದ್ದು ರೋಹಿತದಲ್ಲಿ ಎರಡು ನಕ್ಷತ್ರವೆಂದು ಬಯಲಾದ ಮೊದಲ ಪ್ರಸಂಗ ಇದು. 1908ರಲ್ಲಿ ವಸಿಷ್ಠದ ಚಿಕ್ಕ ಚುಕ್ಕೆಯೂ ಇಂಥದೇ ಜೋಡಿ ಎಂದು ತಿಳಿಯಿತು. ಹೀಗೆ ವಸಿಷ್ಠ ನಾಲ್ಕಾಯಿತು. ಅರುಂಧತಿ ಮಾತ್ರ ನೂರು ವರ್ಷ ಒಂಟಿಯಾಗಿಯೇ ಉಳಿಯಿತು.

2009: ಜೊತೆಗಾರನ ಶೋಧ

ಅರುಂಧತಿ ಒಂಟಿಯಲ್ಲವೇನೋ ಎಂಬುದಕ್ಕೆ ಸೂಚನೆಗಳು ಮೊದಲೇ ಇದ್ದವು. ಅದರ ದಿಕ್ಕಿನಿಂದ ಎಕ್ಸ್-ಕಿರಣಗಳು ಬರುತ್ತಿರುವುದನ್ನು ರೋಸಾಟ್ ಉಪಗ್ರಹ ದಾಖಲಿಸಿತ್ತು. ಇಂಥ ಬಿಸಿ ಬಿಳಿ ನಕ್ಷತ್ರಗಳ ಹೊರಪದರದಲ್ಲಿ ಸೂರ್ಯನಲ್ಲಿರುವಂಥ ಆಳವಾದ ಅನಿಲದ ಕುದಿತ ಇರುವುದಿಲ್ಲ. ಆದ್ದರಿಂದ ಕಾಂತೀಯ ಚಟುವಟಿಕೆಯೂ ಎಕ್ಸ್-ಕಿರಣ ಸೂಸುವ ಬಿಸಿ ಹೊರಾವರಣವಾದ ಕರೋನಾವೂ ಅಪರೂಪ. ಹಾಗಾದರೆ ಈ ಕಿರಣಗಳ ಮೂಲ ಬೇರೆ ಯಾವುದೋ ಇರಬೇಕಿತ್ತು.

ಉತ್ತರವನ್ನು ಎರಡು ತಂಡಗಳು ಒಂದೇ ವರ್ಷ ಬೇರೆಬೇರೆಯಾಗಿ ಕಂಡುಕೊಂಡವು. ಎರಿಕ್ ಮಾಮಾಜೆಕ್ ಮತ್ತು ಸಂಗಡಿಗರು ಅರಿಜೋನಾದ ಎಂಎಂಟಿ ದೂರದರ್ಶಕದ ಚಿತ್ರಗಳಲ್ಲಿ ಅರುಂಧತಿಯಿಂದ ಕೇವಲ 1.1 ವಿಕಲೆ ದೂರದಲ್ಲಿ ಮಸುಕಾದ ಚುಕ್ಕೆಯೊಂದನ್ನು ಕಂಡರು. ನೀಲ್ ಝಿಮ್ಮರ್‌ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಪಾಲೋಮರ್ ಬೆಟ್ಟದ 200 ಅಂಗುಲದ ಹೇಲ್ ದೂರದರ್ಶಕಕ್ಕೆ ಅಳವಡಿಸಿದ ‘ಪ್ರಾಜೆಕ್ಟ್ 1640’ ಉಪಕರಣದಿಂದ ಅದನ್ನೇ ಹಿಡಿದರು. ಎರಡೂ ಕಡೆ ನೆರವಿಗೆ ಬಂದದ್ದು ಹೊಂದಾಣಿಕೆಯ ಕನ್ನಡಿಗಳು. ವಾಯುಮಂಡಲದ ಕದಲಿಕೆಯಿಂದ ನಕ್ಷತ್ರದ ಬಿಂಬ ನಡುಗುವುದನ್ನು ಕನ್ನಡಿಯ ಆಕಾರವನ್ನು ಸೆಕೆಂಡಿಗೆ ನೂರಾರು ಸಲ ಬದಲಿಸಿ ಸರಿಪಡಿಸುವ ತಂತ್ರ ಅದು. ಪಾಲೋಮರ್‌ನಲ್ಲಿ ಪ್ರಧಾನ ನಕ್ಷತ್ರದ ಬೆಳಕನ್ನು ಸಣ್ಣ ತಡೆಯೊಂದರಿಂದ ಮರೆಮಾಡಿ, ಪಕ್ಕದ ಮಂಕು ಚುಕ್ಕೆ ಎದ್ದು ಕಾಣುವಂತೆ ಮಾಡಿದರು. ಹತ್ತಿರದ ಅವಕೆಂಪು ಬೆಳಕಿನಲ್ಲಿ ಎರಡರ ನಡುವೆ ಸುಮಾರು 6 ಉಜ್ಜ್ವಲತಾಂಕದ ವ್ಯತ್ಯಾಸವಿತ್ತು. ಅಂದರೆ ಒಂದು ಇನ್ನೊಂದಕ್ಕಿಂತ ಇನ್ನೂರೈವತ್ತು ಪಟ್ಟು ಮಂಕು.

ಪಕ್ಕದಲ್ಲಿ ಕಂಡ ಮಾತ್ರಕ್ಕೆ ಜೊತೆಗಾರ ಎನ್ನಲಾಗದು, ಹಿನ್ನೆಲೆಯ ನಕ್ಷತ್ರವೂ ಆಗಿರಬಹುದು. ಝಿಮ್ಮರ್‌ಮನ್ ತಂಡ 103 ದಿನಗಳ ಅಂತರದಲ್ಲಿ ಎರಡು ಬಾರಿ ಅಳೆಯಿತು. ಆ ಅವಧಿಯಲ್ಲಿ ಭೂಮಿ ತನ್ನ ಕಕ್ಷೆಯಲ್ಲಿ ಕಾಲು ಸುತ್ತಿಗಿಂತ ಹೆಚ್ಚು ಸಾಗಿತ್ತು. ಅರುಂಧತಿ ಎಷ್ಟು ಜರುಗಿದಂತೆ ಕಂಡಿತೋ ಮಂಕು ಚುಕ್ಕೆಯೂ ಅಷ್ಟೇ ಜರುಗಿತ್ತು. ಎರಡಕ್ಕೂ ಒಂದೇ ಲಂಬನ, ಅಂದರೆ ಒಂದೇ ದೂರ. ಸುಮಾರು ನಾಲ್ಕು ಶತಮಾನಗಳ ಹಿಂದೆ ಗೆಲಿಲಿಯೊ ವಸಿಷ್ಠದಲ್ಲಿ ಹುಡುಕಿದ ಅದೇ ಲಂಬನ ಇಲ್ಲಿ, ಅದರ ನೆರೆಯಲ್ಲೇ, ಹೊಸ ನಕ್ಷತ್ರವೊಂದಕ್ಕೆ ಸಾಕ್ಷಿ ನುಡಿಯಿತು.

ಭೌತಿಕ ಗುಣಗಳು

ಪ್ರಧಾನ ನಕ್ಷತ್ರ. ಇದು ಎ5 ರೋಹಿತ ವರ್ಗದ, ತನ್ನ ಗರ್ಭದಲ್ಲಿ ಹೈಡ್ರೋಜನ್ನನ್ನು ಹೀಲಿಯಮ್ಮಾಗಿ ಬೆಸೆಯುತ್ತಿರುವ ಬಿಳಿ ನಕ್ಷತ್ರ. ದ್ರವ್ಯರಾಶಿ ಸೂರ್ಯನ 1.8 ಪಟ್ಟು, ತ್ರಿಜ್ಯ ಸುಮಾರು 1.8 ಪಟ್ಟು. ಮೇಲ್ಮೈ ತಾಪ ಸುಮಾರು 8,000 ಕೆಲ್ವಿನ್. ಸೂರ್ಯನದು ಸುಮಾರು 5,800. ದೀಪ್ತಿ ಸೂರ್ಯನ ಸುಮಾರು 14 ಪಟ್ಟು. ಸೂರ್ಯನನ್ನು ಅಷ್ಟೇ ದೂರಕ್ಕೆ ಒಯ್ದರೆ ಬರಿಗಣ್ಣಿಗೆ ಕಾಣುವುದೇ ಕಷ್ಟ. ನಮಗೆ ಮಂದವಾಗಿ ಕಾಣುವ ಅರುಂಧತಿ ಸ್ವಭಾವತಃ ಸೂರ್ಯನಿಗಿಂತ ಬಹಳ ಪ್ರಖರವಾದುದು.

ಅದರ ಆವರ್ತನ ಅತಿ ವೇಗದ್ದು. ಸಮಭಾಜಕದಲ್ಲಿ ಮೇಲ್ಮೈ ಸೆಕೆಂಡಿಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ತಿರುಗುತ್ತದೆ. ಸೂರ್ಯನಲ್ಲಿ ಅದು ಸುಮಾರು 2 ಕಿಲೋಮೀಟರ್. ಸೂರ್ಯನಿಗೆ ಒಂದು ಸುತ್ತಿಗೆ ಸುಮಾರು 25 ದಿನ ಬೇಕಾದರೆ ಇದಕ್ಕೆ ಅರ್ಧ ದಿನವೂ ಬೇಡ. ಈ ವೇಗದಿಂದ ನಕ್ಷತ್ರದ ನಡು ಉಬ್ಬಿ ಧ್ರುವಗಳು ಚಪ್ಪಟೆಯಾಗುತ್ತವೆ; ರೋಹಿತದ ಗೆರೆಗಳು ಅಗಲವಾಗಿ ಹರಡಿಕೊಳ್ಳುತ್ತವೆ. ಗೆರೆಗಳು ಹೀಗೆ ಮಸುಕಾದಾಗ ಚಿಕ್ಕ ಜೊತೆಗಾರ ಉಂಟುಮಾಡುವ ಅಲ್ಪ ಕದಲಿಕೆಯನ್ನು ರೋಹಿತದಲ್ಲಿ ಗುರುತಿಸುವುದು ದುಸ್ತರ. ವಸಿಷ್ಠದ ಜೋಡಿಗಳನ್ನು ಬಯಲು ಮಾಡಿದ ಉಪಾಯ ಅರುಂಧತಿಯಲ್ಲಿ ಫಲಿಸದಿರುವುದಕ್ಕೆ ಇದೊಂದು ಕಾರಣ.

ಜೊತೆಗಾರ. ಇದು ಎಂ ವರ್ಗದ ಕೆಂಪು ಕುಬ್ಜ. ಝಿಮ್ಮರ್‌ಮನ್ ತಂಡ ಇದನ್ನು ಎಂ3–ಎಂ4 ಎಂದು ವರ್ಗೀಕರಿಸಿದೆ. ದ್ರವ್ಯರಾಶಿ ಸೂರ್ಯನ ಕಾಲು ಭಾಗದಿಂದ ಸುಮಾರು ಮೂರನೆಯ ಒಂದು ಭಾಗದೊಳಗೆ. ಇಂಥ ಕುಬ್ಜಗಳ ದೀಪ್ತಿ ಸೂರ್ಯನ ನೂರನೆಯ ಒಂದು ಭಾಗದ ಆಸುಪಾಸು. ಎಳೆಯ ಕೆಂಪು ಕುಬ್ಜಗಳಲ್ಲಿ ಕಾಂತೀಯ ಚಟುವಟಿಕೆ ಜೋರು. ರೋಸಾಟ್ ಕಂಡ ಎಕ್ಸ್-ಕಿರಣಗಳಿಗೆ ಮೂಲ ಇದೇ ಎಂಬ ವಿವರಣೆ ಚೆನ್ನಾಗಿ ಹೊಂದುತ್ತದೆ.

ಕಕ್ಷೆ. 82 ಜ್ಯೋತಿರ್ವರ್ಷ ದೂರದಲ್ಲಿ 1.1 ವಿಕಲೆ ಎಂದರೆ ಸುಮಾರು 28 ಖಗೋಳಮಾನ. ಭೂಮಿ–ಸೂರ್ಯರ ಅಂತರವೇ ಒಂದು ಖಗೋಳಮಾನ. ಸೌರವ್ಯೂಹದಲ್ಲಿ ನೆಪ್ಚೂನ್ ಇರುವ ದೂರ 30 ಖಗೋಳಮಾನ. ಇದು ನಮಗೆ ಎದುರಾಗಿ ಕಾಣುವ ಅಂತರ ಮಾತ್ರ, ನಿಜವಾದದ್ದು ಇನ್ನೂ ಹೆಚ್ಚಿರಬಹುದು. ಕಂಡ ಅಂತರವನ್ನೇ ಕಕ್ಷೆಯ ಅಳತೆಯೆಂದು ಹಿಡಿದು, ಎರಡರ ಒಟ್ಟು ದ್ರವ್ಯರಾಶಿ ಸೂರ್ಯನ ಸುಮಾರು 2.1 ಪಟ್ಟು ಎಂದುಕೊಂಡರೆ, ಕೆಪ್ಲರನ ಮೂರನೆಯ ನಿಯಮದಂತೆ ಒಂದು ಸುತ್ತಿಗೆ ಸುಮಾರು ನೂರು ವರ್ಷ ಬೇಕು.

ವಸಿಷ್ಠದೊಡನೆ ಸಂಬಂಧ

ವಸಿಷ್ಠದ ದೊಡ್ಡ ಚುಕ್ಕೆಯಲ್ಲಿರುವ ಎರಡು ಬಿಳಿ ನಕ್ಷತ್ರಗಳು ಬಹುತೇಕ ಸಮಾನ. ಒಂದೊಂದೂ ಸೂರ್ಯನ ಎರಡೂಕಾಲರಿಂದ ಎರಡೂವರೆ ಪಟ್ಟು ದ್ರವ್ಯರಾಶಿಯದು. ಭೂಮಿ–ಸೂರ್ಯರ ಅಂತರದ ಸುಮಾರು ಕಾಲು ಭಾಗದಷ್ಟೇ ದೂರದಲ್ಲಿದ್ದು 20.54 ದಿನಗಳಿಗೆ ಒಮ್ಮೆ ಪರಸ್ಪರ ಸುತ್ತುತ್ತವೆ. ಚಿಕ್ಕ ಚುಕ್ಕೆಯ ಜೋಡಿ ಸುಮಾರು 175 ದಿನಗಳಿಗೆ ಒಮ್ಮೆ ಸುತ್ತುತ್ತದೆ. ಈ ಎರಡು ಜೋಡಿಗಳ ನಡುವೆ ಕಾಣುವ ಅಂತರ 350 ಖಗೋಳಮಾನಕ್ಕೂ ಹೆಚ್ಚು. ಒಂದನ್ನೊಂದು ಸುತ್ತಲು ಸಾವಿರಾರು ವರ್ಷ ಬೇಕು. ಚಿಕ್ಕ ಚುಕ್ಕೆಯ ಉಜ್ಜ್ವಲತಾಂಕ 3.9, ಹೆಚ್ಚುಕಡಿಮೆ ಅರುಂಧತಿಯಷ್ಟೇ. ಆದರೂ ಅದು ದೊಡ್ಡದಕ್ಕೆ ತೀರ ಹತ್ತಿರವಿರುವುದರಿಂದ ಬರಿಗಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ.

ಅರುಂಧತಿ ಈ ನಾಲ್ವರೊಡನೆ ನಿಜವಾಗಿ ಬಂಧಿತವೇ, ಇಲ್ಲ ಜೊತೆಯಲ್ಲಿ ಸಾಗುವ ನೆರೆಯ ನಕ್ಷತ್ರವೇ ಎಂಬುದು ಬಹುಕಾಲ ಚರ್ಚೆಯಲ್ಲಿತ್ತು. ಮಾಮಾಜೆಕ್ ತಂಡ ದೂರ, ವೇಗ, ದಿಕ್ಕುಗಳನ್ನೆಲ್ಲ ಒಟ್ಟಿಗೆ ತೂಗಿ, ಆರೂ ಗುರುತ್ವದಿಂದ ಒಂದಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತೀರ್ಮಾನಿಸಿತು. ಆ ಲೆಕ್ಕದಲ್ಲಿ ವಸಿಷ್ಠ–ಅರುಂಧತಿಗಳ ನಡುವಿನ ಅಂತರ ಸುಮಾರು 74,000 ಖಗೋಳಮಾನ, ಅಂದರೆ ಒಂದು ಜ್ಯೋತಿರ್ವರ್ಷಕ್ಕೆ ತುಸು ಹೆಚ್ಚು. ಆದರೆ ಈ ಅಂಕಿಯಲ್ಲಿ ಅರ್ಧದಷ್ಟು ಅನಿಶ್ಚಿತತೆ ಇದೆ. ಇಷ್ಟು ದೂರದ ಕಕ್ಷೆಯಲ್ಲಿ ಒಂದು ಸುತ್ತಿಗೆ ಲಕ್ಷಾಂತರ ವರ್ಷ ಬೇಕಾಗುತ್ತದೆ. ಆರು ಅಥವಾ ಹೆಚ್ಚು ನಕ್ಷತ್ರಗಳ ವ್ಯವಸ್ಥೆಗಳಲ್ಲಿ ಮಿಥುನ ರಾಶಿಯ ಕ್ಯಾಸ್ಟರ್ ಬಿಟ್ಟರೆ ನಮಗೆ ಅತಿ ಹತ್ತಿರದ್ದು ಇದೇ.

ಬಳಗ, ವಯಸ್ಸು ಮತ್ತು ಮುಂದಿನ ದಾರಿ

1869ರಲ್ಲಿ ರಿಚರ್ಡ್ ಪ್ರಾಕ್ಟರ್ ಸಪ್ತರ್ಷಿಗಳಲ್ಲಿ ಐವರು ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಚಲಿಸುತ್ತಿರುವುದನ್ನು ಗುರುತಿಸಿದ. ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ ಮತ್ತು ಜೊತೆಗೆ ಅರುಂಧತಿ ಈ ಗುಂಪಿನವು. ಎರಡು ತುದಿಗಳ ಕ್ರತು ಮತ್ತು ಮರೀಚಿ ಹೊರಗಿನವು. ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದ ಈ ಬಳಗದ ವಯಸ್ಸು ಸುಮಾರು 40ರಿಂದ 50 ಕೋಟಿ ವರ್ಷ. ಸೂರ್ಯನ ವಯಸ್ಸು ಸುಮಾರು 457 ಕೋಟಿ ವರ್ಷವಾದ್ದರಿಂದ ಅರುಂಧತಿ ಅದರ ಎದುರು ಎಳೆಯದು. ಆದರೂ ಅದರ ಆಯುಸ್ಸು ಚಿಕ್ಕದು. ದ್ರವ್ಯರಾಶಿ ಹೆಚ್ಚಿದಷ್ಟೂ ಇಂಧನ ಬೇಗ ಉರಿಯುತ್ತದೆ. ಪ್ರಧಾನ ನಕ್ಷತ್ರ ಹುಟ್ಟಿದಂದಿನಿಂದ ಸುಮಾರು 150 ಕೋಟಿ ವರ್ಷಗಳಲ್ಲಿ ಹೈಡ್ರೋಜನ್ ಮುಗಿಸಿ ಕೆಂಪು ದೈತ್ಯವಾಗಿ ಉಬ್ಬಿ, ಕಡೆಗೆ ಬಿಳಿ ಕುಬ್ಜವಾಗಿ ಉಳಿಯುತ್ತದೆ. ಅದರ ಕೆಂಪು ಸಂಗಾತಿ ಆಮೇಲೂ ಸಾವಿರಾರು ಕೋಟಿ ವರ್ಷ ಮೆಲ್ಲಗೆ ಉರಿಯುತ್ತಲೇ ಇರುತ್ತದೆ.

ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಅರುಂಧತಿಯ ಸ್ಥಾನವೂ ಶತಮಾನಕ್ಕೆ ಸುಮಾರು ಅರ್ಧ ಡಿಗ್ರಿ ದಕ್ಷಿಣಕ್ಕೆ ಸರಿಯುತ್ತಿದೆ. ಕೂಡ್ಲಿಗಿ–ಹರಪನಹಳ್ಳಿ ಸೀಮೆಯ ಮುಂದಿನ ತಲೆಮಾರುಗಳಿಗೆ ಅದು ಇನ್ನಷ್ಟು ಎತ್ತರದಲ್ಲಿ ಕಾಣುತ್ತದೆ.

ನೋಡುವ ಬಗೆ

ಅಮಾವಾಸ್ಯೆಯ ಆಚೀಚಿನ ವಾರ, ಮಾರ್ಚ್‌ನಿಂದ ಮೇವರೆಗೆ, ಉತ್ತರ ದಿಗಂತ ತೆರೆದಿರುವ ಹೊಲ ಅಥವಾ ಕೆರೆ ಏರಿ ಈ ವೀಕ್ಷಣೆಗೆ ಉತ್ತಮ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆಯ ಬಂಡೆಗುಡ್ಡಗಳ ಸೀಮೆಯೂ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಂಥ ಎತ್ತರದ ನೆಲೆಗಳೂ ವಿಶಾಲ ಆಕಾಶ ಒದಗಿಸುತ್ತವೆ. ಗುಡೇಕೋಟೆ ಕರಡಿಧಾಮದ ನೆರೆಯ ಊರಿನವರು ಇರುಳಲ್ಲಿ ಗುಡ್ಡಕ್ಕೆ ಹೋಗದೆ ಊರಂಚಿನಿಂದಲೇ ನೋಡುವುದು ಕ್ಷೇಮ. ಮೊಬೈಲ್ ಪರದೆ ಆರಿಸಿ ಹದಿನೈದಿಪ್ಪತ್ತು ನಿಮಿಷ ಕತ್ತಲಲ್ಲಿದ್ದರೆ ಕಣ್ಣು ಒಗ್ಗುತ್ತದೆ. ವಸಿಷ್ಠವನ್ನು ನೆಟ್ಟಗೆ ನೋಡದೆ ದೃಷ್ಟಿಯನ್ನು ತುಸು ಪಕ್ಕಕ್ಕೆ ಇಟ್ಟರೆ ಮಂದ ಚುಕ್ಕೆ ಬೇಗ ಸಿಗುತ್ತದೆ. ಮಂದ ಬೆಳಕಿಗೆ ಸ್ಪಂದಿಸುವ ಕೋಶಗಳು ಕಣ್ಣಿನ ಅಕ್ಷಿಪಟಲದ ನಡುವಿಗಿಂತ ಅಂಚಿನಲ್ಲೇ ಹೆಚ್ಚು. ಬೈನಾಕ್ಯುಲರ್‌ನಲ್ಲಿ ಅರುಂಧತಿ ಸುಸ್ಪಷ್ಟ. ಎರಡು–ಮೂರು ಅಂಗುಲದ ಶಾಲಾ ದೂರದರ್ಶಕದಲ್ಲಿ ವಸಿಷ್ಠ ಎರಡಾಗಿ ಒಡೆಯುತ್ತದೆ. ಅರುಂಧತಿಯ ಕೆಂಪು ಸಂಗಾತಿಯನ್ನು ಕಾಣಲು ಮಾತ್ರ ವಿಶೇಷ ಉಪಕರಣಗಳುಳ್ಳ ದೊಡ್ಡ ವೀಕ್ಷಣಾಲಯ ಬೇಕು.

ಸಂಶೋಧನೆಯ ದೃಷ್ಟಿಯಿಂದ ಈ ಜೋಡಿಯ ಕಥೆ ಈಗಷ್ಟೇ ಶುರುವಾಗಿದೆ. ಶತಮಾನದಷ್ಟು ದೀರ್ಘವಾಗಿರಬಹುದಾದ ಕಕ್ಷೆಯ ಸಣ್ಣ ತುಂಡು ಮಾತ್ರ 2009ರಿಂದೀಚೆಗೆ ಸಾಗಿದೆ. ಇಡೀ ಸುತ್ತನ್ನು ಅಳೆಯುವವರು ಇಂದು ಶಾಲೆಯಲ್ಲಿರುವ ಮಕ್ಕಳು, ಅವರ ಮಕ್ಕಳು. ಆ ಮಕ್ಕಳಲ್ಲಿ ಕೆಲವರು ಈ ಐದು ತಾಲ್ಲೂಕುಗಳವರೂ ಆಗಬೇಕಾದರೆ ಮೊದಲು ಅವರು ಆ ಚುಕ್ಕೆಯನ್ನು ಕಣ್ಣಾರೆ ನೋಡಿರಬೇಕು. ಬೀದಿದೀಪಗಳಿಗೆ ಮೇಲೆ ಮುಚ್ಚಳವಿರಲಿ, ಬೆಳಕು ನೆಲಕ್ಕೆ ಬೀಳಲಿ, ಶಾಲೆಗಳಲ್ಲಿ ವರ್ಷಕ್ಕೊಂದು ರಾತ್ರಿಯಾದರೂ ಆಕಾಶದ ಪಾಠ ನಡೆಯಲಿ. ಇಷ್ಟಾದರೆ ಮದುವೆಯಲ್ಲಿ ಹೆಸರು ಹೇಳಿ ಕೈಮುಗಿಯುವ ಅರುಂಧತಿಯನ್ನು ಅದೇ ರಾತ್ರಿ ನಿಜವಾಗಿ ತೋರಿಸುವ ಅನುಕೂಲ ಈ ಸೀಮೆಗೆ ಉಳಿಯುತ್ತದೆ.